ಕೆಳಗೆ ಬಾರದ ತೆಂಗಿನಕಾಯಿಗಳು

ಮದ್ರಾಸಿನ ರಾಯಪುರಂನ ಐತಾಳರ ಹೋಟೆಲಿನಲ್ಲಿ ವಿಷ್ಣುಮೂರ್ತಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ‘ಎಸೆಯುವ ಕೆಲಸ’ ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಗುವವರು ನಗಲಿ. ಅವನು ಎಸೆದದ್ದನ್ನು ಹದಿನಾಲ್ಕು ವರ್ಷ ಹಿಡಿದವನು ನಾನು, ಸದಾನಂದ. ಅವನ ವಿಷಯ ಮಾತಾಡುವ ಹಕ್ಕು ನನಗಿರುವಷ್ಟು ಐತಾಳರಿಗೂ ಇಲ್ಲ.

ಹೋಟೆಲು ಬಂದರಿಗೆ ಹತ್ತಿರ. ಕಟ್ಟಡ ಹಳೆಯದು. ಕೆಳಗಿನ ಕೋಣೆಗಳಲ್ಲಿ ಗೋಡೆ ಸದಾ ಬೆವರುತ್ತಿತ್ತು, ಜೊತೆಗೆ ಇಲಿಗಳ ಸಂಸಾರ. ಆದ್ದರಿಂದ ಸಾಮಾನೆಲ್ಲ ಮಹಡಿಯ ಸ್ಟೋರ್ ರೂಮಿನಲ್ಲಿ. ಅಲ್ಲಿಗೆ ಹೋಗಲು ಇದ್ದದ್ದು ಒಂದು ಕಬ್ಬಿಣದ ಸುರುಳಿ ಮೆಟ್ಟಿಲು. ಬುಟ್ಟಿ ಹೊತ್ತವನು ಅದರಲ್ಲಿ ಎರಡು ಸುತ್ತು ಹತ್ತುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದ. ಅಕ್ಕಿ ಬೇಳೆಯನ್ನು ಹೇಗೋ ಸಾಗಿಸಬಹುದು. ತೆಂಗಿನಕಾಯಿಗೆ ಮಾತ್ರ ಹಿಂದಿನಿಂದಲೂ ಬೇರೆ ದಾರಿ ಇತ್ತು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಮೂರು ಚಕ್ರದ ಸೈಕಲ್ ಗಾಡಿಯಲ್ಲಿ ಇನ್ನೂರು ಮುನ್ನೂರು ಕಾಯಿ ಪಕ್ಕದ ಓಣಿಗೆ ಬರುತ್ತಿತ್ತು. ಒಬ್ಬ ಓಣಿಯಲ್ಲಿ ನಿಂತು ಒಂದೊಂದನ್ನೇ ಮೇಲಕ್ಕೆ ಎಸೆಯಬೇಕು. ಇನ್ನೊಬ್ಬ ಮಹಡಿಯ ಕಿಟಕಿಯಲ್ಲಿ ನಿಂತು ಹಿಡಿಯಬೇಕು. ಕೆಳಗೆ ಅವನು, ಮೇಲೆ ನಾನು.

ನೆಲದಿಂದ ನನ್ನ ಕೈಗೆ ಹದಿನೇಳು ಅಡಿ. ಹೊಸಬರು ಎಸೆದರೆ ಕಾಯಿ ಗುಂಡಿನ ಹಾಗೆ ಬಂದು ಅಂಗೈಗೆ ಬಡಿಯುತ್ತದೆ, ಇಲ್ಲವೇ ಅರ್ಧ ದಾರಿಯಲ್ಲೇ ಸುಸ್ತಾಗಿ ಹಿಂದಿರುಗುತ್ತದೆ. ವಿಷ್ಣುಮೂರ್ತಿ ಎಸೆದ ಕಾಯಿ ಹಾಗಲ್ಲ. ಅದು ಏರುತ್ತ ಏರುತ್ತ ನಿಧಾನವಾಗಿ, ಸರಿಯಾಗಿ ನನ್ನ ಕೈಯ ಮುಂದೆ ಬಂದು ನಿಲ್ಲುತ್ತಿತ್ತು. ಹಿಡಿಯುವುದು ಎಂದರೂ ತಪ್ಪೇ, ಮರದಿಂದ ಹೂ ಬಿಡಿಸಿದ ಹಾಗೆ ತೆಗೆದುಕೊಳ್ಳುವುದು ಅಷ್ಟೇ. ಮುನ್ನೂರು ಕಾಯಿ ಹಿಡಿದ ಮೇಲೂ ನನ್ನ ಅಂಗೈ ಕೆಂಪಾಗುತ್ತಿರಲಿಲ್ಲ.

ಅವನಿಗೆ ಇದರ ಲೆಕ್ಕಾಚಾರ ಎಲ್ಲ ಕೈಯಲ್ಲೇ ಇತ್ತು. ದೊಡ್ಡ ಕಾಯಿಗೆ ಜಾಸ್ತಿ ವೇಗ ಬೇಕಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಇಲ್ಲೆ ಮಾರಾಯ. ಕೈಯಿಂದ ಬಿಡುವ ವೇಗ ಎಲ್ಲದಕ್ಕೂ ಒಂದೇ. ದೊಡ್ಡದಕ್ಕೆ ನನ್ ರಟ್ಟೆ ಜಾಸ್ತಿ ದುಡೀಕ್, ಅಷ್ಟೇ,” ಎಂದಿದ್ದ.

ಮರವಂತೆಯ ಹತ್ತಿರದ ಹಳ್ಳಿಯವನು. ಐದನೆಯ ಕ್ಲಾಸಿಗೆ ಶಾಲೆಗೆ ಕೈಮುಗಿದು, ಹದಿನೈದನೆಯ ವಯಸ್ಸಿಗೆ ಮದ್ರಾಸಿಗೆ ಬಂದು, ಟೇಬಲ್ ಒರೆಸುವುದರಿಂದ ಶುರುಮಾಡಿದವನು. ಮೂಗಿನ ತುದಿಯಲ್ಲೇ ಕೋಪ. ಸಾಂಬಾರಿಗೆ ಉಪ್ಪು ಕಡಿಮೆ ಎಂದ ಬಂದರಿನ ಕೂಲಿಯವರ ಜೊತೆ ವಾದಕ್ಕೆ ನಿಂತು ಎರಡು ಸಲ ಸಪ್ಲೈ ಕೆಲಸ ಕಳೆದುಕೊಂಡಿದ್ದ. ಗಿರಾಕಿಗಳಿಂದ ದೂರ ಇಡುವುದೇ ಕ್ಷೇಮ ಎಂದು ಐತಾಳರು ಅವನನ್ನು ಸ್ಟೋರಿಗೆ ಹಾಕಿದರು. ಅಲ್ಲಿ ಅವನು ಅರಳಿಬಿಟ್ಟ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಚಟ್ನಿಗೆ, ಇದು ಗಸಿಯ ಮಸಾಲೆಗೆ ಎಂದು ವಿಂಗಡಿಸುವಾಗ ಅವನ ಮುಖ ನೋಡಬೇಕು; ನಾಡಿ ನೋಡುವ ವೈದ್ಯ ಕೂಡ ಅಷ್ಟು ಗಂಭೀರವಾಗಿ ಇರುವುದಿಲ್ಲ.

ಅವನ ಹೆಂಡತಿ ಚಂದ್ರಮತಿ ಅದೇ ಹೋಟೆಲಿಗೆ ತರಕಾರಿ ಹೆಚ್ಚಿಕೊಡುತ್ತಿದ್ದಳು. ಒಬ್ಬಳೇ ಮಗಳು, ಪ್ರಣಮ್ಯಾ. ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದೂವರೆ ಕೋಣೆಯ ಮನೆ. ಹುಡುಗಿ ಸಣ್ಣವಳಿದ್ದಾಗ ಶುಕ್ರವಾರ ಶಾಲೆಯಿಂದ ಓಡಿಬಂದು ಓಣಿಯ ಗೋಡೆಗೆ ಒರಗಿ ನಿಂತು ಅಪ್ಪ ಎಸೆಯುವುದನ್ನು ಬಾಯಿಬಿಟ್ಟು ನೋಡುತ್ತಿದ್ದಳು. ಗೆಳತಿಯರನ್ನೂ ಎಳೆದು ತರುತ್ತಿದ್ದಳು. “ಪಾರು, ಎಂಗಪ್ಪಾ ಒಂದೂ ಮಿಸ್ ಪಣ್ಣಮಾಟ್ಟಾರು,” ಎಂದು ತಮಿಳಿನಲ್ಲಿ ಜಂಬ ಕೊಚ್ಚುತ್ತಿದ್ದಳು, ನೋಡು, ನಮ್ಮಪ್ಪ ಒಂದನ್ನೂ ತಪ್ಪಿಸುವುದಿಲ್ಲ ಎಂದು. ಅದು ಕಿವಿಗೆ ಬಿದ್ದರೆ ಸಾಕು, ವಿಷ್ಣುಮೂರ್ತಿ ಒಂದು ಕೈ ಬೆನ್ನಿಗೆ ಕಟ್ಟಿ ಒಂದೇ ಕೈಯಲ್ಲಿ ಎಸೆಯಲು ಶುರುಮಾಡುತ್ತಿದ್ದ. ಮಗಳ ಆ ಮೆಚ್ಚುಗೆಯೇ ಅವನಿಗೆ ಸಂಬಳ, ಬೋನಸ್ಸು, ಸನ್ಮಾನ ಎಲ್ಲ.

ಎರಡು ಸಾವಿರದ ಏಳರಲ್ಲಿ ಪ್ರಣಮ್ಯಾ ಪ್ಲಸ್ ಒನ್, ಅಂದರೆ ಹನ್ನೊಂದನೆಯ ಕ್ಲಾಸು ಸೇರಿದಳು, ವಿಜ್ಞಾನದ ಗ್ರೂಪು. ನಮ್ಮ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಆಗಸ್ಟಿನ ಒಂದು ಬೆಳಿಗ್ಗೆ ನಾನು ಅವನ ಮನೆಗೆ ಕಾಫಿಗೆ ಹೋಗಿದ್ದೆ. ಹುಡುಗಿ ಪುಸ್ತಕ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಳು. ಮೇಲಕ್ಕೆ ಎಸೆದ ಚೆಂಡಿನ ಪಾಠ.

“ಎಂತ ಮಗಾ, ಚೆಂಡಾ?” ಎಂದು ವಿಷ್ಣುಮೂರ್ತಿ ಲೋಟ ಕೆಳಗಿಟ್ಟ. ಜನ್ಮದಲ್ಲಿ ಮೊದಲ ಸಲ ಮಗಳ ಪುಸ್ತಕದಲ್ಲಿ ಅವನಿಗೆ ಗೊತ್ತಿರುವ ವಿಷಯ ಬಂದಿತ್ತು.

“ಅಪ್ಪಯ್ಯ, ತುದಿಗೆ ಹೋದಾಗ ಅದರ ಸ್ಪೀಡ್ ಜೀರೋ, ಅದು ಗೊತ್ತಾಯ್ತು. ಆಮೇಲೆ ಅಲ್ಲಿ ಅದರ ಮೇಲೆ ಎಳೆತ ಎಷ್ಟಿರತ್ತೆ ಅಂತ ಕೇಳ್ತಾರೆ. ಅದ್ ದಾನ್ ಪುರಿಯಲೆ.” ಅದೇ ಅರ್ಥವಾಗುತ್ತಿಲ್ಲ ಎಂದಳು. ಪುಸ್ತಕದಲ್ಲಿ ಎಳೆತಕ್ಕೆ ಏನೋ ಉದ್ದದ ಇಂಗ್ಲಿಷ್ ಹೆಸರಿತ್ತು. ಅವಳು ನಮಗೆ ತಿಳಿಯುವಂತೆ ಹೇಳಿದಳು.

“ಇದಕ್ಕೆ ಪುಸ್ತಕ ಬೇಕಾ?” ಎಂದು ವಿಷ್ಣುಮೂರ್ತಿ ಎದೆ ಉಬ್ಬಿಸಿದ. “ಅಲ್ಲಿ ಎಳೆತ ಇಲ್ಲೆ ಮಗಾ. ಎಂತದೂ ಇಲ್ಲೆ. ಮೇಲೂ ಇಲ್ಲೆ, ಕೆಳಗೂ ಇಲ್ಲೆ. ಕಾಯಿ ಅಲ್ಲಿ ಹಗುರ ಆಯಿ ಕೂತ್ಕಂತ್. ಬೇಕಾರೆ ಸದಾನಂದನ್ನ ಕೇಣ್. ಎಳೆತ ಇದ್ದಿದ್ರೆ ಅವನ ಕೈ ನೋಯುತಿರ್ಲಿಲ್ಯಾ?”

ಹುಡುಗಿ ನನ್ನ ಕಡೆ ನೋಡಿದಳು. ನಾನಾದರೂ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯಬಹುದಿತ್ತು. “ಹೌದಮ್ಮ, ಶೆಲ್ಫಿನ ಮೇಲೆ ಇಟ್ಟ ಹಾಗೆ ಇರ್ತದೆ. ನಾನು ವಾರವಾರ ಕಾಂತಿಲ್ವಾ,” ಎಂದು ಸಾಕ್ಷಿ ಹೇಳಿದೆ. ಆ ಮಾತಿಗೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಮುಂದಿನ ವಾರ ಕ್ಲಾಸಿನಲ್ಲಿ ಪರೀಕ್ಷೆ. ಪ್ರಶ್ನೆ ಅದೇ ಬಂತು. ವೇಗ ಸೊನ್ನೆ, ಎಳೆತವೂ ಸೊನ್ನೆ ಎಂದು ಪ್ರಣಮ್ಯಾ ಬರೆದಳು. ಫಿಸಿಕ್ಸ್ ಹೇಳಿಕೊಡುವ ಸೀತಾ ಮಿಸ್ ಎರಡನೆಯದು ತಪ್ಪು ಎಂದಾಗ ಸುಮ್ಮನೆ ಕುಳಿತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಅಪ್ಪನ ಮಗಳು. ಎದ್ದು ನಿಂತು ವಾದ ಮಾಡಿದಳು. ನಮ್ಮಪ್ಪ ಹೋಟೆಲಿನಲ್ಲಿ ವಾರಕ್ಕೆ ಐನೂರು ತೆಂಗಿನಕಾಯಿ ಎಸೆಯುತ್ತಾರೆ, ಅವರೇ ಹೇಳಿದ್ದು, ಮೇಲೆ ಎಳೆತ ಇರುವುದಿಲ್ಲ ಎಂದಳು. ಅರವತ್ತು ಹುಡುಗಿಯರು ಒಟ್ಟಿಗೆ ನಕ್ಕರು. ಮಿಸ್ ನಗಲಿಲ್ಲವಂತೆ. ಆದರೆ ಬೇಸರದಲ್ಲಿ, “ಹಾಗಾದರೆ ನಾಳೆಯಿಂದ ನಿಮ್ಮಪ್ಪನನ್ನೇ ಪಾಠಕ್ಕೆ ಕಳಿಸು,” ಎಂದುಬಿಟ್ಟರು. ಸಂಜೆಯೊಳಗೆ ಅವಳಿಗೆ ‘ತೇಂಗಾ’ ಎಂದು ಹೆಸರು ಬಿತ್ತು. ತಮಿಳಿನಲ್ಲಿ ತೆಂಗಿನಕಾಯಿ.

ಮನೆಗೆ ಬಂದವಳು ಅಪ್ಪನ ಮುಂದೆ ಉತ್ತರಪತ್ರಿಕೆ ಇಟ್ಟಳು. “ಎಲ್ಲಾಂ ಉಂಗಳಾಲ ದಾನ್,” ಎಂದಳು. ಎಲ್ಲ ನಿಮ್ಮಿಂದಲೇ ಎಂದು. ಆಮೇಲೆ ಅವನ ಜೊತೆ ಮಾತು ನಿಲ್ಲಿಸಿದಳು.

ಮೊದಮೊದಲು ಅವನೂ ಸೊಪ್ಪು ಹಾಕಲಿಲ್ಲ. ಆ ಟೀಚರು ಜನ್ಮದಲ್ಲಿ ಒಂದು ಕಾಯಿ ಎಸೆದಿದ್ದಾಳಾ ಎಂದು ಸ್ಟೋರಿನಲ್ಲಿ ಕೂಗಾಡಿದ. ನಾನೂ ಹೌದು ಹೌದು ಎಂದು ಬೆಂಕಿಗೆ ತುಪ್ಪ ಸುರಿದೆ. ಆದರೆ ಎರಡು ವಾರ ಕಳೆಯಿತು, ಮೂರು ವಾರ ಕಳೆಯಿತು. ಅವನು ಊಟಕ್ಕೆ ಕುಳಿತರೆ ಅವಳು ತಟ್ಟೆ ಎತ್ತಿಕೊಂಡು ಹೊಸಿಲಿಗೆ ಹೋಗುತ್ತಿದ್ದಳು. ಏನಾದರೂ ಕೇಳಿದರೆ ಉತ್ತರವನ್ನು ಅಮ್ಮನಿಗೆ ಹೇಳುತ್ತಿದ್ದಳು. ಶುಕ್ರವಾರ ಓಣಿ ತಪ್ಪಿಸಿ ಸುತ್ತು ಬಳಸಿ ಮನೆಗೆ ಹೋಗುತ್ತಿದ್ದಳು.

“ಸದಾನಂದಣ್ಣ, ಇವರು ರಾತ್ರಿ ಉಂಬುದೂ ಕಡಿಮೆ ಮಾಡಿದ್ರು,” ಎಂದು ಚಂದ್ರಮತಿ ಬೀನ್ಸ್ ಹೆಚ್ಚುತ್ತ ನನ್ನ ಹತ್ತಿರ ಹೇಳಿಕೊಂಡಳು. “ನೀವಾದ್ರೂ ಹೇಳಿ, ಟೀಚರು ಹೇಳಿದ್ದು ಸರಿ ಇಪ್ಪುಕೂ ಸಾಕಲ್ದಾ?”

ಟೀಚರು ಹೇಳಿದ್ದೇ ಸರಿ ಇರಬಹುದು ಎಂದು ನಾನು ಅವನಿಗೆ ಹೇಳಿದೆ. ಅವನು ನನ್ನ ಮೇಲೆ ರೇಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಆ ಶುಕ್ರವಾರ ಕಾಯಿಯೆಲ್ಲ ಮೇಲೆ ಸೇರಿದ ಮೇಲೆ ಕೊನೆಯ ಒಂದನ್ನು ಕೈಯಲ್ಲಿ ಹಿಡಿದು ಓಣಿಯಲ್ಲೇ ನಿಂತಿದ್ದ. ಮುಖ ಎತ್ತಿ ನನ್ನನ್ನು ಕೇಳಿದ.

“ಸದಾನಂದ, ನಾನ್ ಎಸ್ದ ಕಾಯಿ ಯಾವತ್ತಾರೂ ವಾಪಸ್ ಬಪ್ಪುದನ್ನ ನೀನ್ ಕಂಡಿದ್ಯಾ?”

ನಾನು ಯೋಚಿಸಿದೆ. ಕಂಡಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಕಂಡಿರಲಿಲ್ಲ. ಕಾಯಿ ತುದಿಗೆ ಬಂದ ಕೂಡಲೇ ನಾನು ಅದನ್ನು ತೆಗೆದುಬಿಡುತ್ತಿದ್ದೆ. ಆಮೇಲೆ ಅದು ಏನು ಮಾಡುತ್ತಿತ್ತು ಎಂದು ನೋಡುವ ಅವಕಾಶವನ್ನೇ ನಾವಿಬ್ಬರೂ ಅದಕ್ಕೆ ಕೊಟ್ಟಿರಲಿಲ್ಲ. ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಅರ್ಧ ದಾರಿ ನಮಗೆ ಮಾತ್ರ ಗೊತ್ತಿರಲಿಲ್ಲ. ನಮ್ಮ ಕೆಲಸ ಅಷ್ಟು ಚೆನ್ನಾಗಿತ್ತು.

“ಇವತ್ತು ಹಿಡಿಬೇಡ. ಕೈ ಕಟ್ಟಿ ನಿಂತ್ಕೋ. ಅದು ಮೇಲೆ ಎಷ್ಟು ಹೊತ್ತು ಕೂತ್ಕಂತ್ ಅಂತ ಕಾಣ್,” ಎಂದ.

ನೆಲಕ್ಕೆ ನಾಲ್ಕು ಗೋಣಿಚೀಲ ಹಾಸಿ, ಕಾಯಿ ಕಿಟಕಿಯೊಳಗೆ ಬಾರದ ಹಾಗೆ ನೆಟ್ಟಗೆ ಎಸೆದ. ಕಾಯಿ ನನ್ನ ಕಣ್ಣೆದುರಿಗೆ ಬಂತು, ನಿಂತಿತು, ಗೋಣಿಯ ಮೇಲೆ ದೊಪ್ಪೆಂದು ಬಿತ್ತು.

“ಕೂತಿತ್ತಾ?”

“ಸ್ವಲ್ಪ ಕೂತ ಹಾಗೆ ಇತ್ತು,” ಎಂದೆ. ಸುಳ್ಳು. ಅವನ ಮುಖ ನೋಡಿ ಬಾಯಿಗೆ ಬಂದ ಸುಳ್ಳು.

ಮತ್ತೆ ಎಸೆದ. ನಾನು ಒಂದು ಎಂದು ಎಣಿಸಲು ಬಾಯಿ ತೆರೆಯುವುದರೊಳಗೆ ಅದು ಇಳಿಯುತ್ತಿತ್ತು. ಮೂರನೆಯ ಸಲ, ನಾಲ್ಕನೆಯ ಸಲವೂ ಅಷ್ಟೇ. ಎಂಟನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. “ಇಲ್ಲ ಮಾರಾಯ. ನಿಲ್ತದೆ, ಆದರೆ ಕೂರೂದಿಲ್ಲ. ನಿಂತದ್ದೂ ಇಳಿದದ್ದೂ ಬೇರೆ ಬೇರೆ ಕಾಣೂದೇ ಇಲ್ಲ. ನಾನು ಆ ದಿನ ಹೇಳಿದ್ದು ಶುದ್ಧ ಬೊಗಳೆ,” ಎಂದೆ.

ಅವನು ಗೋಣಿಯನ್ನು ಕಾಲಿನಿಂದ ಸರಿಸಿ, ಈ ಸಲ ಎಸೆದ ಕಾಯಿಯನ್ನು ತಾನೇ ಕೆಳಗೆ ಎರಡೂ ಕೈಯಿಂದ ಹಿಡಿದ. ಚಟೀರೆಂಬ ಸದ್ದು ನನಗೆ ಮೇಲಕ್ಕೆ ಕೇಳಿಸಿತು. ಮತ್ತೆ ಎಸೆದ, ಮತ್ತೆ ಹಿಡಿದ. ಹಾಗೆ ಎಂಟು ಸಲ. ಅಂಗೈ ಎರಡೂ ದಾಸವಾಳದಷ್ಟು ಕೆಂಪಾಗಿತ್ತು. ಸದ್ದಿಗೆ ಹೊರಗೆ ಬಂದ ಐತಾಳರು, ಹೋಟೆಲಿನ ಕಾಯಿಯಲ್ಲಿ ಚೆಂಡಾಟವೋ ಎಂದು ಬೈಯಲು ಬಾಯಿ ತೆಗೆದವರು, ಅವನ ಮುಖ ನೋಡಿ ಒಳಗೆ ಹೋದರು.

ಅವನು ಸುರುಳಿ ಮೆಟ್ಟಿಲು ಹತ್ತಿ ಬಂದು ಕಾಯಿರಾಶಿಯ ಪಕ್ಕ ಕುಳಿತ.

“ನಾನ್ ಕೊಟ್ಟಷ್ಟೇ ಜೋರ್ ವಾಪಸ್ ಬತ್ತ್,” ಎಂದ. “ಮೇಲೆ ಹೋಪತಿಗೆ ನಿಧಾನ ಆತ್ತ್, ಕೆಳಗೆ ಬಪ್ಪತಿಗೆ ಜೋರ್ ಆತ್ತ್. ಅಂದ್ರೆ ಹೋಪತಿಗೂ ಯಾರೋ ಕೆಳಗಿಂದ ಎಳೀತ್ರ್, ಬಪ್ಪತಿಗೂ ಎಳೀತ್ರ್. ನಡುವೆ ತುದೀಲಿ ಅವ್ರು ಕೈ ಬಿಟ್ಟಿದ್ರೆ ಕಾಯಿ ಅಲ್ಲೇ ತೂಗಾಡ್ತಾ ಇರ್ಕಿತ್ತ್. ತೂಗಾಡ್ತಿಲ್ಲೆ. ಅಲ್ಲಿಯೂ ಬಿಡುದಿಲ್ಲೆ ಮಾರಾಯ. ಒಂಚೂರೂ ಬಿಡುದಿಲ್ಲೆ.”

“ಮತ್ತೆ ನನ್ನ ಕೈ ಯಾಕೆ ನೋಯೂದಿಲ್ಲ?”

“ಓಡುದು ನಿಂತಿತ್ತಲ್ದಾ, ಅದಕ್ಕೆ. ಎಳೆತ ನಿಂತದ್ದಲ್ಲ.” ಅವನು ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದ. “ಹೆಣ್ಣು ನನ್ನ ನಂಬಿ ಎದ್ದು ನಿಂತಿತ್ತ್, ಸದಾನಂದ. ಅಷ್ಟ್ ಜನರ ಎದ್ರಿಗೆ.”

ಅವನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ತಪ್ಪು ಗೊತ್ತಾದರೆ ಸಾಕೇ, ಹೇಳಬೇಕಲ್ಲ. ಮನೆಯಲ್ಲಿ ಹೇಳಲು ಹೋದ. “ಮಗಾ, ಆ ಚೆಂಡಿನ ವಿಷಯ” ಎಂದು ಶುರುಮಾಡಿದರೆ ಅವಳು ಕೆಮಿಸ್ಟ್ರಿ ಪುಸ್ತಕ ತೆಗೆದು ಗಟ್ಟಿಯಾಗಿ ಓದಲಾರಂಭಿಸಿದಳು. ಅವನಿಗೂ ಅರ್ಥವಾಯಿತು. ಮರ್ಯಾದೆ ಹೋದದ್ದು ಒಂದೂವರೆ ಕೋಣೆಯ ಮನೆಯಲ್ಲಲ್ಲ. ಅಲ್ಲಿ ಹೇಳಿ ಏನು ಉಪಯೋಗ?

ಸೆಪ್ಟೆಂಬರ್ ಕೊನೆಯ ಶನಿವಾರ ಕಾಲು ವರ್ಷದ ಪರೀಕ್ಷೆಯ ಅಂಕಪಟ್ಟಿ ಕೊಡಲು ಶಾಲೆಯಲ್ಲಿ ಪೋಷಕರನ್ನು ಕರೆದಿದ್ದರು. ಪ್ರಣಮ್ಯಾ ಅಮ್ಮನಿಗೆ ಮಾತ್ರ ಹೇಳಿದ್ದಳು; ಚಂದ್ರಮತಿ ಅದನ್ನು ಗಂಡನ ಕಿವಿಗೆ ಹಾಕಿ, ಹೋಗುವುದನ್ನೂ ಅವನಿಗೇ ಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ವಿಷ್ಣುಮೂರ್ತಿ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದ.

“ನೀನೂ ಬಾ. ಸಾಕ್ಷಿ ಹೇಳ್ದವ ನೀನೇ ಅಲ್ದಾ,” ಎಂದ.

ಶಾಲೆಯ ಮಹಡಿಯ ಕ್ಲಾಸಿನಲ್ಲಿ ಸೀತಾ ಮಿಸ್ ಮೇಜಿನ ಹಿಂದೆ ಕುಳಿತಿದ್ದರು. ಬಾಗಿಲಿನಿಂದ ಹೊರಗಿನವರೆಗೂ ತಾಯಂದಿರು, ಹುಡುಗಿಯರು. ಪ್ರಣಮ್ಯಾ ನಮ್ಮನ್ನು ನೋಡಿ ಬಿಳಿಚಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ‘ತೇಂಗಾ’ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಅವಳ ಕೈ ಜಡೆಯ ತುದಿಯನ್ನು ತಿರುಚುತ್ತಿತ್ತು. ಈ ಮನುಷ್ಯ ಇಲ್ಲಿ ಜಗಳಕ್ಕೆ ನಿಂತರೆ ಹುಡುಗಿ ಇನ್ನು ಜನ್ಮದಲ್ಲಿ ಇವನ ಮುಖ ನೋಡುವುದಿಲ್ಲ ಎಂದು ನನಗೆ ಖಾತರಿಯಾಯಿತು. ಅವನ ತೋಳು ಹಿಡಿದುಕೊಂಡೆ. ಅವನು ಬಿಡಿಸಿಕೊಂಡ.

ನಮ್ಮ ಸರದಿ ಬಂದಾಗ ಮಿಸ್ ಅಂಕಪಟ್ಟಿ ಮುಂದೆ ತಳ್ಳಿದರು. ಅವನು ಅದನ್ನು ಮುಟ್ಟಲಿಲ್ಲ. ಕೈಮುಗಿದ. ಅವನ ಹೋಟೆಲ್ ತಮಿಳನ್ನು ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

“ಟೀಚರಮ್ಮ, ತೆಂಗಿನಕಾಯಿ ಎಸೆಯುವ ಅಪ್ಪ ನಾನೇ. ಪಾಠಕ್ಕೆ ಕಳಿಸು ಎಂದಿದ್ದಿರಂತೆ. ಪಾಠ ಮಾಡಲು ಬಂದದ್ದಲ್ಲ. ಆ ದಿನ ಇವಳು ಬರೆದ ತಪ್ಪು ಉತ್ತರ ಇವಳದ್ದಲ್ಲ, ನನ್ನದು. ಇವಳಿಗೆ ಸಂಶಯ ಇತ್ತು. ನಾನು ಒತ್ತಿ ಹೇಳಿದೆ. ನಗುವುದಿದ್ದರೆ ಎಲ್ಲರೂ ನನ್ನನ್ನು ನೋಡಿ ನಗಬೇಕು.”

ಮಿಸ್ ಕನ್ನಡಕ ತೆಗೆದರು. ಆ ದಿನ ಆಡಿದ ಮಾತು ಅವರಿಗೂ ನೆನಪಿತ್ತು ಎಂದು ಮುಖ ಹೇಳುತ್ತಿತ್ತು. “ಕೂತುಕೊಳ್ಳಿ ಸಾರ್,” ಎಂದರು. ಅವನನ್ನು ಸಾರ್ ಎಂದವರಲ್ಲಿ ಅವರೇ ಮೊದಲಿಗರು. “ತಪ್ಪು ಎಂದು ಈಗ ಹೇಗೆ ಗೊತ್ತಾಯಿತು?”

ಅವನು ಕೂರಲಿಲ್ಲ. ಹೇಳಿದ. ನಾವು ಕಾಯಿಯನ್ನು ಕೆಳಗೆ ಬರಲು ಬಿಟ್ಟದ್ದೇ ಇಲ್ಲ ಎಂದ. ಹದಿನಾರು ಸಲ ಎಸೆದು ನೋಡಿದ್ದನ್ನು ಹೇಳಿದ. ಅಂಗೈ ಮೇಲೆ ಕೆಳಗೆ ಮಾಡುತ್ತ, ಹೋಗುವಾಗ ನಿಧಾನ, ಬರುವಾಗ ಜೋರು, ನಡುವೆ ಕೈಬಿಟ್ಟಿದ್ದರೆ ಕಾಯಿ ಅಲ್ಲೇ ತೂಗಾಡಬೇಕಿತ್ತು ಎಂದ. ಮೇಜಿನ ಸುತ್ತ ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಒಬ್ಬಳು ಅವನ ಕೈಯನ್ನೇ ನೋಡುತ್ತ ತನ್ನ ಕೈಯನ್ನೂ ಹಾಗೇ ಆಡಿಸುತ್ತಿದ್ದಳು. ನಗುವವರು ಯಾರೂ ಇರಲಿಲ್ಲ.

“ಸರಿಯಾಗಿ ಹೇಳಿದಿರಿ,” ಎಂದರು ಮಿಸ್. “ಇನ್ನೊಂದೇ ಕೇಳುತ್ತೇನೆ. ಆ ಎಳೆತ ಒಂದೊಂದು ಸೆಕೆಂಡಿಗೆ ಕಾಯಿಯ ವೇಗವನ್ನು ಎಷ್ಟು ಬದಲಾಯಿಸುತ್ತದೆ?”

ಅವನು ತಡವರಿಸಿದ. ಕೈಯಲ್ಲಿ ಗೊತ್ತಿದ್ದದ್ದಕ್ಕೆ ಬಾಯಲ್ಲಿ ಅಂಕಿ ಇರಲಿಲ್ಲ. ಆಮೇಲೆ ಅವನು ಮಾಡಿದ ಕೆಲಸಕ್ಕೆ ಎಷ್ಟು ಧೈರ್ಯ ಬೇಕಾಯಿತೋ ನನಗೆ ಗೊತ್ತು. ಮಿಸ್ ಕಡೆಯಿಂದ ತಿರುಗಿ, ನಲವತ್ತು ದಿನದಿಂದ ಮಾತಾಡದ ಮಗಳನ್ನು, ಆ ಎಲ್ಲ ಹುಡುಗಿಯರ ಎದುರಿಗೆ, ಕನ್ನಡದಲ್ಲಿ ಕೇಳಿದ.

“ನಂಗೆ ಗೊತ್ತಿಲ್ಲೆ. ಎಷ್ಟ್ ಮಗಾ?”

ಪ್ರಣಮ್ಯಾ ನೆಲ ನೋಡುತ್ತಿದ್ದಳು. ಅವಳು ಉತ್ತರ ಕೊಡದಿದ್ದರೆ ಅವನನ್ನು ಮನೆಗೆ ಹೇಗೆ ಕರೆದುಕೊಂಡು ಹೋಗುವುದು ಎಂದು ನಾನು ಯೋಚಿಸಲು ಶುರುಮಾಡಿದ್ದೆ.

“ಸೆಕೆಂಡಿಗೆ ಒಂಬತ್ತು ಪಾಯಿಂಟ್ ಎಂಟು ಮೀಟರ್,” ಎಂದಳು. ದನಿ ಸಣ್ಣದು. ಮಿಸ್‌ಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದಳು.

“ಹೋಪತಿಗೆ?”

“ಹೋಗುವಾಗಲೂ ಅಷ್ಟೇ. ಬರುವಾಗಲೂ ಅಷ್ಟೇ.”

“ತುದೀಲಿ ನಿಂತಾಗ?”

ಅವಳು ತಲೆ ಎತ್ತಿದಳು. “ಅಲ್ಲಿಯೂ ಅಷ್ಟೇ, ಅಪ್ಪಯ್ಯ.”

ಅಲ್ಲಿಯೂ ಎಳೆತ ಇದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅಂಗೈ ಸುಡುವವರೆಗೆ ಎಸೆದು ತಾನೇ ಕಂಡುಕೊಂಡದ್ದು. ಆದರೂ ಅರ್ಥವಾಗದವನ ಹಾಗೆ ಮುಖ ಮಾಡಿಕೊಂಡು, ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು.